ಕಾರ್ಡಿನಲ್ಲಿರುವ ಹಾಡು ಪ್ಲೇಯರಿನಲ್ಲಿ ಏಕೆ ಬರುವುದಿಲ್ಲ? ಆಡಿಯೊ, ವಿಡಿಯೊ ಫೈಲುಗಳನ್ನು ಅರಿತು ಹೊಂದಿಸುವ ಬಗೆ

ಮುಂಗಾರು ಕೊಡಗಿಗೆ ಕಾಲಿಡುವ ಹೊತ್ತಿಗೆ ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಭಾಗಮಂಡಲ, ನಾಪೋಕ್ಲು ಕಡೆಯ ಒಳಗಿನ ಊರುಗಳಲ್ಲಿ ಅದು ಮರಳಲು ದಿನಗಳೇ ಹಿಡಿಯುತ್ತವೆ. ಟವರಿನ ಬ್ಯಾಟರಿ ಮುಗಿದ ಮೇಲೆ ಇಂಟರ್ನೆಟ್ಟೂ ಇರುವುದಿಲ್ಲ. ಹೀಗಾಗಿ ಹಾಡು, ಹರಿಕಥೆ, ಸಿನಿಮಾ, ಮನೆಯ ಮದುವೆಯ ವಿಡಿಯೊ ಇತ್ಯಾದಿಗಳನ್ನು ಮೊದಲೇ ಮೆಮೊರಿ ಕಾರ್ಡಿಗೆ ತುಂಬಿಸಿ ಇಟ್ಟುಕೊಳ್ಳುವವರು ಇಲ್ಲಿ ಇಂದಿಗೂ ಸಾಕಷ್ಟಿದ್ದಾರೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದಲ್ಲಿ ಸಣ್ಣ ಸ್ಪೀಕರ್ ತೂಗುಹಾಕಿಕೊಂಡು ಕೆಲಸ ಮಾಡುವವರದೂ ಇದೇ ಪದ್ಧತಿ. ಅವರೆಲ್ಲರ ದೂರು ಹೆಚ್ಚುಕಡಿಮೆ ಒಂದೇ: ಕಂಪ್ಯೂಟರಿನಲ್ಲಿ ಚೆನ್ನಾಗಿ ಬರುವ ಫೈಲು ಪ್ಲೇಯರಿಗೆ ಹಾಕಿದರೆ ಬರುವುದಿಲ್ಲ, ಬಂದರೂ ಧ್ವನಿ ಮಾತ್ರ ಬಂದು ಚಿತ್ರ ಕಾಣುವುದಿಲ್ಲ, ಇಲ್ಲವೇ ಚಿತ್ರ ಓಡುತ್ತದೆ, ಧ್ವನಿ ಇಲ್ಲ.

ಈ ತೊಂದರೆಗಳಲ್ಲಿ ಬಹುಪಾಲು ಪ್ಲೇಯರ್ ಕೆಟ್ಟಿರುವುದರಿಂದ ಬಂದವಲ್ಲ. ಫೈಲಿನೊಳಗೆ ಇರುವುದಕ್ಕೂ ಪ್ಲೇಯರ್ ಓದಬಲ್ಲದ್ದಕ್ಕೂ ಹೊಂದಿಕೆಯಾಗಿಲ್ಲ, ಅಷ್ಟೆ. ಆ ಹೊಂದಿಕೆಯನ್ನು ನೀವೇ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಬೇಕಾಗುವ ವಸ್ತುಗಳು

ಒಂದು ಸಾಧಾರಣ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ಒಂದು ಕಾರ್ಡ್ ರೀಡರ್, ಮತ್ತು ಉಚಿತವಾಗಿ ಸಿಗುವ ನಾಲ್ಕು ತಂತ್ರಾಂಶಗಳು ಬೇಕು: ಫೈಲು ನೋಡಲು ವಿಎಲ್‌ಸಿ, ಅದರ ಒಳವಿವರ ತಿಳಿಯಲು ಮೀಡಿಯಾಇನ್ಫೊ, ಧ್ವನಿಯ ಕೆಲಸಕ್ಕೆ ಆಡಾಸಿಟಿ, ವಿಡಿಯೊ ಪರಿವರ್ತನೆಗೆ ಹ್ಯಾಂಡ್‌ಬ್ರೇಕ್. ಇವನ್ನು ಅವುಗಳ ಸ್ವಂತ ಜಾಲತಾಣಗಳಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೊದಲಿಗೆ ಕಾಣುವ ‘ಉಚಿತ ಕನ್ವರ್ಟರ್’ ಜಾಹೀರಾತುಗಳನ್ನು ಒತ್ತಿದರೆ ಬೇಡದ ತಂತ್ರಾಂಶಗಳು ಜೊತೆಗೆ ಬಂದು ಸೇರಿಕೊಳ್ಳುವ ಸಂಭವ ಹೆಚ್ಚು. ಕರೆಂಟ್ ಮತ್ತು ನೆಟ್‌ವರ್ಕ್ ಇರುವಾಗಲೇ ಇವೆಲ್ಲವನ್ನೂ ಅಳವಡಿಸಿಟ್ಟುಕೊಳ್ಳುವುದು ಒಳ್ಳೆಯದು. ಒಮ್ಮೆ ಅಳವಡಿಸಿದ ಮೇಲೆ ಕೆಲಸಕ್ಕೆ ಇಂಟರ್ನೆಟ್ ಬೇಕಾಗುವುದಿಲ್ಲ.

ಹಂತ 1: ಮೊದಲು ಪ್ಲೇಯರಿನ ಕೈಪಿಡಿ ನೋಡಿ

ಹೆಚ್ಚಿನವರು ಫೈಲಿನಿಂದ ಆರಂಭಿಸುತ್ತಾರೆ. ಪ್ಲೇಯರಿನಿಂದ ಆರಂಭಿಸಬೇಕು. ಅದರ ಜೊತೆಗೆ ಬಂದ ಚೀಟಿಯಲ್ಲಿ ಅಥವಾ ಡಬ್ಬದ ಹಿಂಬದಿಯಲ್ಲಿ ಯಾವ ಬಗೆಯ ಫೈಲು, ಎಷ್ಟು ಗಾತ್ರದ ಕಾರ್ಡು, ಎಷ್ಟು ಅಗಲದ ಚಿತ್ರ ಎಂಬುದನ್ನು ಮುದ್ರಿಸಿರುತ್ತಾರೆ. ಅಲ್ಲಿ ‘ಟಿಎಫ್ ಕಾರ್ಡ್’ ಎಂದಿದ್ದರೆ ಗಾಬರಿಯಾಗಬೇಡಿ, ಅದು ಮೈಕ್ರೊ ಎಸ್‌ಡಿ ಕಾರ್ಡಿನ ಹಳೆಯ ಹೆಸರು.

ಚೀಟಿ ಕಳೆದುಹೋಗಿದ್ದರೆ ಸಾಧನದ ಜಾತಿಯಿಂದಲೇ ಒಂದು ಅಂದಾಜು ಮಾಡಿಕೊಳ್ಳಬಹುದು. ಕಾರ್ಡ್ ಹಾಕುವ ಬ್ಲೂಟೂತ್ ಸ್ಪೀಕರ್, ಪೆನ್ ಡ್ರೈವ್ ಹಾಕುವ ರೇಡಿಯೊ, ಜೀಪು ಕಾರುಗಳ ಹಳೆಯ ಸ್ಟೀರಿಯೊ ಇವು ಎಂಪಿ3 ಫೈಲನ್ನು ಖಂಡಿತ ಓದುತ್ತವೆ, ಬಹಳಷ್ಟು ಡಬ್ಲ್ಯುಎಂಎ ಅಥವಾ ವೇವ್ ಫೈಲನ್ನೂ ಓದುತ್ತವೆ. ಉಳಿದವುಗಳ ಭರವಸೆ ಇಟ್ಟುಕೊಳ್ಳಬಾರದು. ಕೀಪ್ಯಾಡ್ ಫೋನುಗಳಲ್ಲಿ ಎಂಪಿ3 ಹಾಡು ಬರುತ್ತದೆ, ವಿಡಿಯೊ ಮಾತ್ರ 3ಜಿಪಿ ಅಥವಾ ಚಿಕ್ಕ ಅಳತೆಯ ಎಂಪಿ4 ಆಗಿರಬೇಕು. ಒಂದು ಕಾಲದಲ್ಲಿ ‘ಎಂಪಿ4 ಪ್ಲೇಯರ್’ ಎಂಬ ಹೆಸರಿನಲ್ಲೇ ಮಾರಾಟವಾದ ಅಗ್ಗದ ಸಾಧನಗಳಲ್ಲಿ ಅನೇಕವು ನಿಜವಾದ ಎಂಪಿ4 ಫೈಲನ್ನು ಓದುವುದೇ ಇಲ್ಲ! ಅವಕ್ಕೆ ಎಎಂವಿ ಎಂಬ ಬೇರೆಯೇ ಬಗೆಯ ಫೈಲು ಬೇಕು. ಅದನ್ನು ತಯಾರಿಸುವ ತಂತ್ರಾಂಶವನ್ನು ಸಾಧನದ ಜೊತೆಗಿನ ಸಿಡಿಯಲ್ಲಿ ಕೊಟ್ಟಿರುತ್ತಿದ್ದರು. ಆ್ಯಪಲ್ ಕಂಪನಿ 2022ರ ಮೇ ತಿಂಗಳಲ್ಲಿ ಐಪಾಡ್ ಸರಣಿಯನ್ನು ನಿಲ್ಲಿಸಿತಾದರೂ ಹಳೆಯ ಐಪಾಡ್ ಇಟ್ಟುಕೊಂಡವರು ಇದ್ದಾರೆ. ಅವಕ್ಕೆ ಎಂಪಿ3 ಮತ್ತು ಎಎಸಿ ಎಂಬ ಇನ್ನೊಂದು ಧ್ವನಿಯ ಬಗೆ ಎರಡೂ ಸರಿ, ಆದರೆ ಫೈಲನ್ನು ನೇರವಾಗಿ ನಕಲು ಮಾಡಿದರೆ ಸಾಲದು. ಐಟ್ಯೂನ್ಸ್‌ನಂಥ ಆ್ಯಪಲ್‌ನ ತಂತ್ರಾಂಶದ ಮೂಲಕ ಸೇರಿಸಬೇಕು.

ಈ ವಿವರಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಪ್ರತಿಯೊಂದು ನಿರ್ಧಾರವೂ ಇದರ ಮೇಲೆಯೇ ನಿಂತಿದೆ.

ಹಂತ 2: ಕಂಟೇನರ್ ಬೇರೆ, ಕೋಡೆಕ್ ಬೇರೆ

ಈ ಒಂದು ಭೇದ ತಿಳಿಯದೆ ಮುಂದಿನದು ಏನೂ ಅರ್ಥವಾಗದು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಎಂಪಿ4, ಎಂಕೆವಿ, ಎವಿಐ, 3ಜಿಪಿ ಮುಂತಾದ ಅಕ್ಷರಗಳು ಸೂಚಿಸುವುದು ಕಂಟೇನರನ್ನು, ಅಂದರೆ ಚಿತ್ರ, ಧ್ವನಿ, ಅಡಿಬರಹ ಇವೆಲ್ಲವನ್ನು ಒಟ್ಟಿಗೆ ಹಿಡಿದಿಡುವ ಹೊರಕಟ್ಟನ್ನು ಮಾತ್ರ. ಒಳಗಿನ ಚಿತ್ರವನ್ನೂ ಧ್ವನಿಯನ್ನೂ ಯಾವ ಲೆಕ್ಕಾಚಾರದಿಂದ ಒತ್ತಿ ಚಿಕ್ಕದು ಮಾಡಲಾಗಿದೆ ಎಂಬುದನ್ನು ತಿಳಿಸುವುದು ಕೋಡೆಕ್. ಒಂದೇ ಬಗೆಯ ಗೋಣಿಚೀಲದಲ್ಲಿ ಸಿಪ್ಪೆಯೊಂದಿಗೆ ಒಣಗಿಸಿದ ಚೆರಿ ಕಾಫಿಯನ್ನೂ ತುಂಬಬಹುದು, ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನೂ ತುಂಬಬಹುದು, ಕಾಳುಮೆಣಸನ್ನೂ ತುಂಬಬಹುದು. ಚೀಲ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ, ಬಾಯಿ ಬಿಚ್ಚಿಯೇ ನೋಡುತ್ತಾರೆ.

ಒಂದು ಎಂಪಿ4 ಫೈಲಿನೊಳಗೆ 2003ರಲ್ಲಿ ಬಂದ ಎಚ್.264 ಕೋಡೆಕ್ಕಿನ ಚಿತ್ರ ಇರಬಹುದು, 2013ರ ಎಚ್.265 ಇರಬಹುದು, 2018ರ ಎವಿ1 ಕೂಡ ಇರಬಹುದು. ಎಚ್.265ಕ್ಕೆ ಎಚ್‌ಇವಿಸಿ ಎಂಬ ಇನ್ನೊಂದು ಹೆಸರೂ ಇದೆ. ಮೂರಕ್ಕೂ ಹೆಸರಿನ ಬಾಲ ಒಂದೇ. ಹೊಸದಾದಂತೆಲ್ಲ ಕೋಡೆಕ್ ಕಡಿಮೆ ಜಾಗದಲ್ಲಿ ಅಷ್ಟೇ ಒಳ್ಳೆಯ ಚಿತ್ರವನ್ನು ಹಿಡಿಯುತ್ತದೆ. ಬಿಚ್ಚಿ ತೋರಿಸಲು ಮಾತ್ರ ಹೆಚ್ಚು ಶಕ್ತಿಯ ಚಿಪ್ ಬೇಕಾಗುತ್ತದೆ. ಪ್ಲೇಯರಿನ ಚಿಪ್ಪಿನಲ್ಲಿ ಯಾವ ಕೋಡೆಕ್ಕಿಗೆ ವ್ಯವಸ್ಥೆ ಇದೆಯೋ ಅದನ್ನಷ್ಟೇ ಅದು ತೋರಿಸಬಲ್ಲುದು. ಹಳೆಯ ಪ್ಲೇಯರಿಗೆ ಎಚ್.265 ಚಿತ್ರ ಕೊಟ್ಟರೆ ಅದು ಧ್ವನಿಯನ್ನು ಮಾತ್ರ ಗುರುತಿಸಿ ಪರದೆಯನ್ನು ಕಪ್ಪಾಗಿಯೇ ಬಿಡುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಚಿತ್ರ ಬಂದು ಧ್ವನಿ ಬಾರದಿದ್ದರೆ ಧ್ವನಿಯ ಕೋಡೆಕ್ ಎಸಿ3, ಇಎಸಿ3 ಅಥವಾ ಡಿಟಿಎಸ್ ಆಗಿರುವುದು ಸಾಮಾನ್ಯ. ಇವು ಸಿನಿಮಾ ಮಂದಿರ ಮತ್ತು ಹೋಮ್ ಥಿಯೇಟರ್‌ಗಳ ಬಹುಸ್ಪೀಕರ್ ಧ್ವನಿಗಾಗಿ ಇರುವ ಬಗೆಗಳು. ಪರವಾನಗಿ ಶುಲ್ಕದ ಕಾರಣ ಚಿಕ್ಕ ಸಾಧನಗಳಲ್ಲಿ ಇವಕ್ಕೆ ಅವಕಾಶ ಕೊಟ್ಟಿರುವುದಿಲ್ಲ.

ಎಚ್ಚರಿಕೆ: ಫೈಲಿನ ಹೆಸರಿನ ಬಾಲವನ್ನು ಎಂಕೆವಿಯಿಂದ ಎಂಪಿ4 ಎಂದು ತಿದ್ದಿದರೆ ಫೈಲು ಬದಲಾಗುವುದಿಲ್ಲ. ಕೆಲವು ಪ್ಲೇಯರುಗಳು ಆಕಸ್ಮಿಕವಾಗಿ ಅದನ್ನು ತೆರೆದರೂ ಅದನ್ನು ಪರಿವರ್ತನೆ ಎಂದು ಭಾವಿಸಬೇಡಿ. ಹಾಗೆ ತಿದ್ದಿದ ಫೈಲುಗಳು ಮುಂದೆ ನಿಮ್ಮನ್ನೇ ಗೊಂದಲಕ್ಕೆ ಕೆಡವುತ್ತವೆ.

ಹಂತ 3: ಫೈಲಿನ ಒಳಗನ್ನು ನೋಡಿ

ಫೈಲನ್ನು ವಿಎಲ್‌ಸಿಯಲ್ಲಿ ತೆರೆದು ‘ಟೂಲ್ಸ್’ ಮೆನುವಿನಲ್ಲಿ ‘ಕೋಡೆಕ್ ಇನ್ಫರ್ಮೇಶನ್’ ಒತ್ತಿದರೆ ಚಿತ್ರಕ್ಕೊಂದು, ಧ್ವನಿಗೊಂದು ಪ್ರತ್ಯೇಕ ವಿವರ ಕಾಣುತ್ತದೆ. ಇದಕ್ಕಿಂತ ಹೆಚ್ಚು ಬೇಕಿದ್ದರೆ ಮೀಡಿಯಾಇನ್ಫೊ ತೆರೆಯಿರಿ. ಅಲ್ಲಿ ನೋಡಬೇಕಾದ ಸಂಗತಿಗಳು ಐದು: ಚಿತ್ರದ ಕೋಡೆಕ್, ಅದರ ಪ್ರೊಫೈಲ್, ಚಿತ್ರದ ಅಗಲ ಮತ್ತು ಎತ್ತರ, ಧ್ವನಿಯ ಕೋಡೆಕ್, ಮತ್ತು ಬಿಟ್‌ರೇಟ್.

ಪ್ರೊಫೈಲ್ ಎಂದರೆ ಒಂದೇ ಕೋಡೆಕ್ಕಿನೊಳಗಿನ ತರಗತಿ. ಎಚ್.264ರಲ್ಲಿ ಬೇಸ್‌ಲೈನ್, ಮೇನ್, ಹೈ ಎಂಬ ಮೂರು ಪ್ರೊಫೈಲುಗಳು ಹೆಚ್ಚು ಬಳಕೆಯಲ್ಲಿವೆ. ಬೇಸ್‌ಲೈನ್ ಎಲ್ಲಕ್ಕಿಂತ ಸರಳ, ಹೈ ಎಲ್ಲಕ್ಕಿಂತ ಜಟಿಲ. ಕೈಪಿಡಿಯಲ್ಲಿ ಎಚ್.264 ಎಂದಿದ್ದರೂ ನಿಮ್ಮ ಫೈಲು ಬಾರದಿರುವುದಕ್ಕೆ ಹಲವು ಸಲ ಈ ಪ್ರೊಫೈಲೇ ಕಾರಣ.

ಬಿಟ್‌ರೇಟ್ ಎಂದರೆ ಒಂದು ಸೆಕೆಂಡಿನ ಧ್ವನಿಗೆ ಅಥವಾ ಚಿತ್ರಕ್ಕೆ ವ್ಯಯವಾಗುವ ಬಿಟ್‌ಗಳ ಮೊತ್ತ. ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಕಿಲೋಬಿಟ್, ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಕಿಲೋಬೈಟ್ ಎಂಬುದು ಸಿಗುತ್ತದೆ. 128 ಕೆಬಿಪಿಎಸ್ ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ಜಾಗ ಹಿಡಿಯುತ್ತದೆ, 320ರ ಹಾಡು ಸುಮಾರು 2.4 ಎಂಬಿ. ಈ ಒಂದು ಲೆಕ್ಕ ಗೊತ್ತಿದ್ದರೆ ಕಾರ್ಡಿನಲ್ಲಿ ಎಷ್ಟು ಹಿಡಿಸುತ್ತದೆ ಎಂದು ಅಂಗಡಿಯವರನ್ನು ಕೇಳಬೇಕಾಗಿಲ್ಲ.

ಹಂತ 4: ಧ್ವನಿಗೆ ಯಾವ ಬಗೆ?

ಧ್ವನಿಯ ಫೈಲುಗಳು ಮೂರು ಗುಂಪಿನವು. ಮೊದಲನೆಯದು ಸ್ವಲ್ಪವೂ ಒತ್ತದ ವೇವ್. ಸಿಡಿಯ ಗುಣಮಟ್ಟದ ವೇವ್ ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಡ ಬಲ ಎರಡಕ್ಕೂ ಬರೆದಿಡುತ್ತದೆ. ಆದ್ದರಿಂದ ಅದರ ಬಿಟ್‌ರೇಟ್ 1,411 ಕೆಬಿಪಿಎಸ್, ನಿಮಿಷಕ್ಕೆ ಸುಮಾರು 10 ಎಂಬಿ. ಎರಡನೆಯದು, ಒತ್ತಿದರೂ ಏನನ್ನೂ ಕಳೆದುಕೊಳ್ಳದ ಬಗೆ. 2001ರಿಂದ ಬಳಕೆಯಲ್ಲಿರುವ ಫ್ಲಾಕ್ ಇದರಲ್ಲಿ ಹೆಸರುವಾಸಿ. ಬಿಚ್ಚಿದಾಗ ಮೂಲದ ಪ್ರತಿಯೊಂದು ಬಿಟ್ಟೂ ಹಾಗೆಯೇ ಮರಳುತ್ತದೆ, ಜಾಗ ಮಾತ್ರ ವೇವ್‌ಗಿಂತ ಸಾಕಷ್ಟು ಕಡಿಮೆ. ಮೂರನೆಯದು, ಕಿವಿಗೆ ಅಷ್ಟಾಗಿ ಕೇಳಿಸದ ಅಂಶಗಳನ್ನು ತೆಗೆದುಹಾಕಿ ಚಿಕ್ಕದು ಮಾಡುವ ಬಗೆ. ಎಂಪಿ3, ಎಎಸಿ, ಓಗ್ ವೋರ್ಬಿಸ್, ಡಬ್ಲ್ಯುಎಂಎ, ಓಪಸ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇಲ್ಲಿ ತೆಗೆದುಹಾಕಿದ್ದು ಮತ್ತೆ ಸಿಗುವುದಿಲ್ಲ.

ಕೇಳುವುದಕ್ಕಾಗಿ ಮಾತ್ರವಾದರೆ ನನ್ನ ಸಲಹೆ ಎಂಪಿ3. ಅದಕ್ಕಿಂತ ಚುರುಕಾದ ಬಗೆಗಳು ಇವೆ ನಿಜ. ಅದೇ ಬಿಟ್‌ರೇಟಿನಲ್ಲಿ ಎಎಸಿ ಇನ್ನೂ ಸ್ವಚ್ಛವಾಗಿ ಕೇಳಿಸುತ್ತದೆ, 2012ರಲ್ಲಿ ಬಂದ ಓಪಸ್ ಅದನ್ನೂ ಮೀರಿಸುತ್ತದೆ. ಆದರೆ ಎಂಪಿ3 ಓದದ ಪ್ಲೇಯರ್ ಸಿಗುವುದು ಕಷ್ಟ, ಅದರ ಪರವಾನಗಿ ವ್ಯವಸ್ಥೆಯೂ 2017ರಲ್ಲೇ ಕೊನೆಗೊಂಡಿದೆ. ಹಾಡಿಗೆ 192 ಕೆಬಿಪಿಎಸ್ ಸಾಕು. ಹರಿಕಥೆ, ಪ್ರವಚನ, ನಾಟಕ, ಸಂದರ್ಶನಗಳಂಥ ಮಾತಿನ ಫೈಲುಗಳಿಗೆ ಎಡ ಬಲ ಬೇರೆ ಬೇರೆ ಬೇಕಿಲ್ಲ. ‘ಮೋನೊ’ ಎಂದು ಆರಿಸಿ 64 ಕೆಬಿಪಿಎಸ್ ಕೊಟ್ಟರೂ ಒಂದಕ್ಷರ ತಪ್ಪದೆ ಕೇಳಿಸುತ್ತದೆ, ಜಾಗವೂ ಉಳಿಯುತ್ತದೆ.

ಬಡಿತದ ವಾದ್ಯಗಳ ವಿಷಯದಲ್ಲಿ ಮಾತ್ರ ಕಂಜೂಸುತನ ಬೇಡ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಹಾಡಿನಲ್ಲಿ ದುಡಿ ಎಂಬ ಚಿಕ್ಕ ಚರ್ಮವಾದ್ಯದ ಪೆಟ್ಟು ಬೀಳುವ ಕ್ಷಣವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಿ: ಮೂಲದಲ್ಲಿ ಪೆಟ್ಟು ನಿಶ್ಶಬ್ದದಿಂದ ನೇರವಾಗಿ ಸಿಡಿಯುತ್ತದೆ; ಕಡಿಮೆ ಬಿಟ್‌ರೇಟಿನ ಎಂಪಿ3ಯಲ್ಲಿ ಪೆಟ್ಟಿಗೆ ಕೂದಲೆಳೆಯಷ್ಟು ಮೊದಲೇ ಒಂದು ಮಸುಕಾದ ‘ಸ್ಸ್’ ಸದ್ದು ಸೇರಿಕೊಂಡು, ಪೆಟ್ಟಿನ ಮೊನೆ ಮೊಂಡಾಗಿರುತ್ತದೆ. ಎಂಪಿ3 ಧ್ವನಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ತೆಗೆದುಕೊಂಡು ಪ್ರತಿ ತುಂಡನ್ನೂ ಒಟ್ಟಿಗೆ ಅಂದಾಜಿಸುತ್ತದೆ. ತುಂಡಿನ ನಡುವೆ ಪೆಟ್ಟು ಬಂದರೆ ಅಂದಾಜಿನ ದೋಷ ತುಂಡಿನ ಆರಂಭದವರೆಗೂ ಹರಡುತ್ತದೆ. ವಾಲಗದ ಮುದ್ರಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇಂಥವಕ್ಕೆ 256 ಅಥವಾ 320 ಕೊಡಿ.

ಬದಲಾಗುವ ಬಿಟ್‌ರೇಟ್ ಎಂಬ ಇನ್ನೊಂದು ಆಯ್ಕೆಯೂ ಕಾಣಿಸುತ್ತದೆ. ಹಾಡಿನ ಸರಳ ಭಾಗಕ್ಕೆ ಕಡಿಮೆ, ಜಟಿಲ ಭಾಗಕ್ಕೆ ಹೆಚ್ಚು ಬಿಟ್‌ಗಳನ್ನು ಹಂಚುವ ಈ ಕ್ರಮ ಒಳ್ಳೆಯದೇ. ಆದರೆ ಹಳೆಯ ಪ್ಲೇಯರುಗಳು ಇಂಥ ಫೈಲಿನ ಅವಧಿಯನ್ನು ತಪ್ಪಾಗಿ ತೋರಿಸುತ್ತವೆ, ಮುಂದಕ್ಕೆ ಓಡಿಸಿದರೆ ಎಲ್ಲಿಗೋ ಹಾರುತ್ತವೆ. ಸಂದೇಹವಿದ್ದರೆ ಸ್ಥಿರ ಬಿಟ್‌ರೇಟ್, ಅಂದರೆ ‘ಕಾನ್‌ಸ್ಟೆಂಟ್’, ಆರಿಸಿಕೊಳ್ಳಿ. ಮಾದರಿ ದರವನ್ನು, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆಯಬೇಕು ಎಂಬುದನ್ನು, 44,100ಕ್ಕೆ ಇಡಿ.

ಆಡಾಸಿಟಿಯಲ್ಲಿ ಫೈಲು ತೆರೆದು, ‘ಎಕ್ಸ್‌ಪೋರ್ಟ್’ ಒತ್ತಿ, ಎಂಪಿ3 ಆರಿಸಿ, ಮೇಲಿನ ಸಂಖ್ಯೆಗಳನ್ನು ತುಂಬಿದರೆ ಕೆಲಸ ಮುಗಿಯಿತು. ವಾಟ್ಸಾಪ್‌ನಲ್ಲಿ ಬರುವ ಧ್ವನಿ ಸಂದೇಶಗಳು ಓಪಸ್ ಬಗೆಯವು. ಸ್ಪೀಕರಿನಲ್ಲಿ ಅವು ಬಾರದಿರುವುದಕ್ಕೆ ಅದೇ ಕಾರಣ. ವಿಎಲ್‌ಸಿಯ ‘ಕನ್ವರ್ಟ್’ ಆಯ್ಕೆಯಲ್ಲಿ ಎಂಪಿ3 ಪ್ರೊಫೈಲ್ ಕೊಟ್ಟರೆ ಅವೂ ಬದಲಾಗುತ್ತವೆ.

ಇಲ್ಲಿ ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ. 128 ಕೆಬಿಪಿಎಸ್ ಎಂಪಿ3ಯನ್ನು 320ಕ್ಕೆ ಏರಿಸಿದರೆ ಧ್ವನಿ ಚೆನ್ನಾಗುತ್ತದೆ ಎಂಬುದು ಮೊದಲನೆಯ ತಪ್ಪು. ಫೈಲು ದಪ್ಪವಾಗುತ್ತದೆ, ಧ್ವನಿ ಇದ್ದಷ್ಟೂ ಉಳಿಯದೆ ತುಸು ಕೆಡುತ್ತದೆ, ಏಕೆಂದರೆ ಪ್ರತಿ ಸಲ ಒತ್ತುವಾಗಲೂ ಇನ್ನಷ್ಟು ಅಂಶ ಹೋಗುತ್ತದೆ. ಎಂಪಿ3ಯನ್ನು ಫ್ಲಾಕ್‌ಗೆ ಬದಲಿಸಿದರೂ ಹೋದದ್ದು ಬಾರದು. ಎರಡನೆಯದು, ಎಂಪಿ3 ಮಾಡಿಕೊಂಡ ಮೇಲೆ ಮೂಲವನ್ನು ಅಳಿಸಿಬಿಡುವುದು. ಇದು ಹೆಚ್ಚು ನಷ್ಟದ ತಪ್ಪು. ಮನೆಯ ಹಿರಿಯರ ದನಿಯಲ್ಲಿ ಕೊಡವ ತಕ್ಕಿನ (ಕೊಡವ ಭಾಷೆಯ) ಹಾಡೋ ಅರೆಭಾಷೆಯ ಕಥೆಯೋ ಮುದ್ರಿಸಿಕೊಂಡಿದ್ದರೆ ಮೂಲವನ್ನು ವೇವ್ ಅಥವಾ ಫ್ಲಾಕ್ ರೂಪದಲ್ಲಿ ಎರಡು ಬೇರೆ ಬೇರೆ ಕಡೆ ಇಟ್ಟುಕೊಳ್ಳಿ. ಎಂಪಿ3 ಎಂಬುದು ಓಡಾಟಕ್ಕಿರುವ ಪ್ರತಿ ಮಾತ್ರ. ಮುದ್ರಿಸುವಾಗಲೂ ಫೋನಿನ ರೆಕಾರ್ಡರ್ ಯಾವ ಬಗೆಯಲ್ಲಿ ಬರೆಯುತ್ತದೆ ಎಂದು ನೋಡಿ. ಎಎಂಆರ್ ಎಂದಿದ್ದರೆ ಬದಲಿಸಿ. ಅದು ಫೋನ್ ಕರೆಗೆಂದು ರೂಪಿಸಿದ ಬಗೆ. ಅದರ ಸಾಮಾನ್ಯ ರೂಪ ಸೆಕೆಂಡಿಗೆ 8,000 ಸಲ ಮಾತ್ರ ಅಳೆಯುವುದರಿಂದ 4,000 ಹರ್ಟ್ಸ್‌ಗಿಂತ ಮೇಲಿನ ಸ್ವರಾಂಶವೇ ಅದರಲ್ಲಿ ಉಳಿಯುವುದಿಲ್ಲ.

ಕ್ಯಾಸೆಟ್ ಮತ್ತು ಸಿಡಿ ಇಟ್ಟುಕೊಂಡವರಿಗೆ ಒಂದು ಮಾತು. ನಮ್ಮ ಮಳೆಗಾಲದ ಥಂಡಿಗೆ ಟೇಪಿನ ಮೇಲೂ ಸಿಡಿಯ ಮೇಲೂ ಬೂಷ್ಟು ಕೂರುತ್ತದೆ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್ ತೂತಿಗೆ ತಂತಿ ಜೋಡಿಸಿ ಆಡಾಸಿಟಿಯಲ್ಲಿ ಮುದ್ರಿಸಿಕೊಳ್ಳಬಹುದು. ಮಟ್ಟ ತೋರಿಸುವ ಪಟ್ಟಿ ಕೆಂಪಿಗೆ ಮುಟ್ಟದಂತೆ ನೋಡಿಕೊಳ್ಳಿ. ಬೂಷ್ಟು ಹಿಡಿದ ಟೇಪನ್ನು ಹಾಗೆಯೇ ಓಡಿಸಿದರೆ ಯಂತ್ರದ ಹೆಡ್ ಕೊಳೆಯಾಗಿ ಮುಂದಿನ ಟೇಪುಗಳಿಗೂ ಅಂಟುತ್ತದೆ.

ಹಂತ 5: ವಿಡಿಯೊ ಪರಿವರ್ತನೆ

ಪರಿವರ್ತಿಸುವ ಮೊದಲು ಅದರ ಅಗತ್ಯ ಇದೆಯೇ ಎಂದು ಕೇಳಿಕೊಳ್ಳಿ. ಎಂಕೆವಿ ಫೈಲಿನೊಳಗೆ ಎಚ್.264 ಚಿತ್ರ ಮತ್ತು ಎಎಸಿ ಧ್ವನಿ ಇದ್ದು, ನಿಮ್ಮ ಪ್ಲೇಯರ್ ಎಂಪಿ4 ಮಾತ್ರ ಓದುವುದಾದರೆ, ಒಳಗಿನದನ್ನು ಮುಟ್ಟದೆ ಹೊರಕಟ್ಟನ್ನಷ್ಟೇ ಬದಲಿಸಬಹುದು. ಇದಕ್ಕೆ ರೀಮಕ್ಸ್ ಎನ್ನುತ್ತಾರೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ನಿಮಿಷದೊಳಗೆ ಮುಗಿಸುತ್ತದೆ, ಗುಣಮಟ್ಟ ಎಳ್ಳಷ್ಟೂ ಕುಂದುವುದಿಲ್ಲ. ಅದನ್ನು ಬಳಸಲು ಆಜ್ಞೆಗಳನ್ನು ಟೈಪ್ ಮಾಡಬೇಕಾಗುತ್ತದೆ ಎಂಬುದೊಂದೇ ಅಡ್ಡಿ.

ಕೋಡೆಕ್ಕನ್ನೇ ಬದಲಿಸಬೇಕಾದಾಗ ಹ್ಯಾಂಡ್‌ಬ್ರೇಕ್ ತೆರೆದು ಮೂಲ ಫೈಲನ್ನು ಅದರೊಳಗೆ ಎಳೆದು ಬಿಡಿ. ನಂತರ ಈ ಕ್ರಮದಲ್ಲಿ ಸಾಗಿ:

1. ‘ಫಾರ್ಮ್ಯಾಟ್’ ಎಂಬಲ್ಲಿ ಎಂಪಿ4 ಇರಲಿ. ‘ಪ್ರೀಸೆಟ್’, ಅಂದರೆ ಮೊದಲೇ ಹೊಂದಿಸಿಟ್ಟ ಅಳತೆಗಳ ಪಟ್ಟಿಯಲ್ಲಿ, 480ರ ಅಳತೆಯದನ್ನು ಆರಿಸಿ.

2. ಚಿತ್ರದ ಅಳತೆಯನ್ನು ಪ್ಲೇಯರಿನ ಪರದೆಗೆ ತಕ್ಕಂತೆ ಇಳಿಸಿ. ಅಂಗೈಯಗಲದ ಪರದೆಗೆ 640 × 360 ಧಾರಾಳ. 320 × 240 ಪರದೆಯ ಹಳೆಯ ಪ್ಲೇಯರಿಗೆ ಅಗಲ 320 ಸಾಕು. ಅಗಲ ಎತ್ತರಗಳ ಪ್ರಮಾಣ ಕಾಯ್ದುಕೊಳ್ಳುವ ಗುರುತನ್ನು ತೆಗೆಯಬೇಡಿ, ತೆಗೆದರೆ ಮನುಷ್ಯರೆಲ್ಲ ಚಪ್ಪಟೆಯಾಗಿಯೋ ಉದ್ದವಾಗಿಯೋ ಕಾಣುತ್ತಾರೆ.

3. ‘ವಿಡಿಯೊ’ ಪುಟದಲ್ಲಿ ಎಚ್.264 ಆರಿಸಿ. ಎಚ್.265 ಆರಿಸಿದರೆ ಫೈಲು ಚಿಕ್ಕದಾಗುವುದು ನಿಜವಾದರೂ ನೀವು ಹೊರಟ ಕೆಲಸವೇ ಕೆಡುತ್ತದೆ. ಪ್ರೊಫೈಲ್ ಬೇಸ್‌ಲೈನ್, ಲೆವೆಲ್ 3.0 ಎಂದು ಇಟ್ಟರೆ ಬಹುತೇಕ ಹಳೆಯ ಸಾಧನಗಳು ಒಪ್ಪುತ್ತವೆ.

4. ಅದೇ ಪುಟದಲ್ಲಿ ಚೌಕಟ್ಟಿನ ದರವನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬುದನ್ನು, ‘ಕಾನ್‌ಸ್ಟೆಂಟ್’ ಎಂದು ಗುರುತಿಸಿ. ಮೊಬೈಲಿನಲ್ಲಿ ತೆಗೆದ ವಿಡಿಯೊಗಳಲ್ಲಿ ಈ ದರ ಬೆಳಕಿಗೆ ತಕ್ಕಂತೆ ಏರಿಳಿಯುತ್ತಿರುತ್ತದೆ; ಸ್ಥಿರಗೊಳಿಸದಿದ್ದರೆ ಹತ್ತಿಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ.

5. ‘ಆಡಿಯೊ’ ಪುಟದಲ್ಲಿ ಎಎಸಿ, ಸ್ಟೀರಿಯೊ, 128 ಕೆಬಿಪಿಎಸ್. ಮೂಲದಲ್ಲಿ ಎರಡು ಮೂರು ಭಾಷೆಗಳ ಧ್ವನಿ ಇದ್ದರೆ ನಿಮಗೆ ಬೇಕಾದ ಒಂದನ್ನೇ ಉಳಿಸಿ. ಚಿಕ್ಕ ಪ್ಲೇಯರುಗಳಲ್ಲಿ ಭಾಷೆ ಬದಲಿಸುವ ಗುಂಡಿ ಇರುವುದಿಲ್ಲ.

6. ಅಡಿಬರಹ ಬೇಕಿದ್ದರೆ ‘ಬರ್ನ್ ಇನ್’ ಗುರುತು ಹಾಕಿ. ಆಗ ಅಕ್ಷರಗಳು ಚಿತ್ರದ ಭಾಗವೇ ಆಗಿಬಿಡುವುದರಿಂದ ಪ್ಲೇಯರಿನಲ್ಲಿ ಕನ್ನಡ ಲಿಪಿ ಇದೆಯೇ ಇಲ್ಲವೇ ಎಂಬ ಪ್ರಶ್ನೆ ಏಳುವುದಿಲ್ಲ. ಆಮೇಲೆ ಅದನ್ನು ತೆಗೆಯಲಾಗದು ಎಂಬುದು ನೆನಪಿರಲಿ.

7. ಇಡೀ ಫೈಲನ್ನು ಒಮ್ಮೆಲೇ ಪರಿವರ್ತಿಸಬೇಡಿ. ಎರಡು ನಿಮಿಷದ ತುಂಡನ್ನು ಮಾತ್ರ ಮಾಡಿ, ಪ್ಲೇಯರಿಗೆ ಹಾಕಿ ನೋಡಿ, ಸರಿ ಬಂದರೆ ಪೂರ್ತಿ ಮಾಡಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಸಿನಿಮಾ ಮುಗಿಯಲು ಗಂಟೆಗಳು ಹಿಡಿಯಬಹುದು. ನಡುವೆ ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಅರ್ಧ ಬರೆದ ಫೈಲು ಕೆಲಸಕ್ಕೆ ಬಾರದು.

ಜಾಗದ ಲೆಕ್ಕ ಹೀಗಿದೆ: ಚಿತ್ರಕ್ಕೆ 1,000, ಧ್ವನಿಗೆ 128 ಕೆಬಿಪಿಎಸ್ ಕೊಟ್ಟರೆ ಒಂದು ಗಂಟೆಯ ವಿಡಿಯೊ ಸುಮಾರು 500 ಎಂಬಿ ಆಗುತ್ತದೆ. ಚಿಕ್ಕ ಪರದೆಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಮದುವೆಯ ಡಿವಿಡಿಗಳ ಬಗ್ಗೆ ಪ್ರತ್ಯೇಕವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಪ್ರಶ್ನೆಗಳಲ್ಲಿ ಅವುಗಳದೇ ದೊಡ್ಡ ಪಾಲು. ಡಿವಿಡಿಯೊಳಗಿನ ಫೈಲುಗಳ ಬಾಲ ವಿಒಬಿ ಎಂದಿರುತ್ತದೆ, ಕೋಡೆಕ್ ಎಂಪೆಗ್-2. ಒಂದೇ ವಿಡಿಯೊವನ್ನು ಸುಮಾರು 1 ಜಿಬಿಯ ತುಂಡುಗಳಾಗಿ ಕತ್ತರಿಸಿ ಇಟ್ಟಿರುವುದರಿಂದ ಒಂದೊಂದನ್ನೇ ನಕಲು ಮಾಡಿದರೆ ಧಾರೆಯೋ ದಂಪತಿ ಮುಹೂರ್ತವೋ ನಡುವೆಯೇ ತುಂಡಾಗುತ್ತದೆ. ಹ್ಯಾಂಡ್‌ಬ್ರೇಕಿಗೆ ಇಡೀ ಡಿಸ್ಕನ್ನೇ ಮೂಲವಾಗಿ ತೋರಿಸಿ, ಅದು ತಾನೇ ಜೋಡಿಸಿಕೊಳ್ಳುತ್ತದೆ. ನಮ್ಮಲ್ಲಿನ ಡಿವಿಡಿಗಳು ಪಾಲ್ ಪದ್ಧತಿಯವು: 720 × 576 ಅಳತೆ, ಸೆಕೆಂಡಿಗೆ 25 ಚೌಕಟ್ಟು. ಆದ್ದರಿಂದ ದರವನ್ನು 30ಕ್ಕೆ ಏರಿಸದೆ 25ರಲ್ಲೇ ಬಿಡಿ. ಇನ್ನೊಂದು ಸೂಕ್ಷ್ಮವಿದೆ. ಹಳೆಯ ಕ್ಯಾಮೆರಾಗಳು ಪ್ರತಿ ಚೌಕಟ್ಟನ್ನೂ ಬೆಸ ಗೆರೆ, ಸರಿ ಗೆರೆ ಎಂದು ಎರಡು ಕಂತಿನಲ್ಲಿ ಹಿಡಿಯುತ್ತಿದ್ದವು. ವಾಲಗಕ್ಕೆ ಕುಣಿಯುವವರು ಕೈ ಬೀಸಿದ ಕ್ಷಣದಲ್ಲಿ ವಿಡಿಯೊವನ್ನು ನಿಲ್ಲಿಸಿ ನೋಡಿದರೆ ಕೊಡವರ ಉದ್ದ ಅಂಗಿಯಾದ ಕುಪ್ಯದ ತೋಳಿನ ಅಂಚಿನಲ್ಲಿ ತೆಳ್ಳಗಿನ ಅಡ್ಡಗೆರೆಗಳು ಎದ್ದು ಕಾಣುವುದು ಇದರಿಂದಲೇ. ‘ಫಿಲ್ಟರ್ಸ್’ ಪುಟದಲ್ಲಿ ‘ಡೀಇಂಟರ್‌ಲೇಸ್’ ಆರಿಸಿದರೆ ಆ ಗೆರೆಗಳು ಹೋಗುತ್ತವೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಲ್ಲಿ ನಕಲು ತಡೆಯುವ ಬೀಗ ಇರುತ್ತದೆ. ಅವನ್ನು ಹ್ಯಾಂಡ್‌ಬ್ರೇಕ್ ತೆರೆಯುವುದಿಲ್ಲ.

ಎವಿಐ ಮಾತ್ರ ಓದುವ ಪ್ಲೇಯರ್ ನಿಮ್ಮದಾದರೆ ಹ್ಯಾಂಡ್‌ಬ್ರೇಕಿನಿಂದ ಪ್ರಯೋಜನವಿಲ್ಲ, ಅದು ಎವಿಐ ಬರೆಯುವುದಿಲ್ಲ. ಎಫ್‌ಎಫ್‌ಎಂಪೆಗ್ ಬಳಸಿ ಎಕ್ಸ್‌ವಿಡ್ ಚಿತ್ರ, ಎಂಪಿ3 ಧ್ವನಿ ಇರುವ ಎವಿಐ ಮಾಡಿಕೊಳ್ಳಬೇಕಾಗುತ್ತದೆ.

ಇನ್ನು ಮೊಬೈಲಿನಿಂದ ವಿಡಿಯೊ ಪಡೆಯುವವರು ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿಕೊಂಡರೆ ಅದು ಆಗಲೇ ಒತ್ತಿ ಕುಗ್ಗಿಸಿದ ಪ್ರತಿಯಾಗಿರುತ್ತದೆ. ‘ಡಾಕ್ಯುಮೆಂಟ್’ ರೂಪದಲ್ಲಿ ಕಳುಹಿಸಲು ಹೇಳಿ, ಇಲ್ಲವೇ ಕೇಬಲಿನಿಂದ ನಕಲು ಮಾಡಿ. ಐಫೋನ್ ಇರುವವರು ಕ್ಯಾಮೆರಾ ಸೆಟ್ಟಿಂಗಿನ ‘ಫಾರ್ಮ್ಯಾಟ್ಸ್’ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಕೊಂಡರೆ ಮುಂದಿನ ವಿಡಿಯೊಗಳು ಎಚ್.264ರಲ್ಲಿ ಬರುತ್ತವೆ.

ಹಂತ 6: ಕಾರ್ಡನ್ನು ಅಣಿಗೊಳಿಸಿ

ಫೈಲು ಸರಿಯಿದ್ದೂ ಪ್ಲೇಯರ್ ‘ನೋ ಕಾರ್ಡ್’ ಎನ್ನುತ್ತಿದ್ದರೆ ಕಾರ್ಡಿನ ಫೈಲ್ ವ್ಯವಸ್ಥೆ, ಅಂದರೆ ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ, ಯಾವುದೆಂದು ನೋಡಿ. 4ರಿಂದ 32 ಜಿಬಿವರೆಗಿನ ಕಾರ್ಡುಗಳು ಎಸ್‌ಡಿಎಚ್‌ಸಿ ವರ್ಗದವು, ಫ್ಯಾಟ್32 ವ್ಯವಸ್ಥೆಯಲ್ಲಿ ಬರುತ್ತವೆ. 64 ಜಿಬಿಯಿಂದ ಮೇಲಿನವು ಎಸ್‌ಡಿಎಕ್ಸ್‌ಸಿ, ಅವುಗಳದು ಎಕ್ಸ್‌ಫ್ಯಾಟ್. ಅಗ್ಗದ ಪ್ಲೇಯರುಗಳೂ ಕಾರ್ ಸ್ಟೀರಿಯೊಗಳೂ ಸಾಮಾನ್ಯವಾಗಿ ಫ್ಯಾಟ್32 ಒಂದನ್ನೇ ಬಲ್ಲವು. ಆದ್ದರಿಂದ ದೊಡ್ಡ ಕಾರ್ಡಿನ ಆಸೆ ಬಿಟ್ಟು 32 ಜಿಬಿಯದನ್ನೇ ಕೊಳ್ಳಿ. 192 ಕೆಬಿಪಿಎಸ್‌ನ ಐದು ನಿಮಿಷದ ಹಾಡುಗಳಾದರೆ ಅದರಲ್ಲಿ ನಾಲ್ಕು ಸಾವಿರ ಹಿಡಿಸುತ್ತವೆ. ಫ್ಯಾಟ್32ರಲ್ಲಿ ಒಂದೇ ಫೈಲು 4 ಜಿಬಿ ಮೀರುವಂತಿಲ್ಲ ಎಂಬುದೂ ಗೊತ್ತಿರಲಿ. ಕಾರ್ಡಿನಲ್ಲಿ ಸಾಕಷ್ಟು ಜಾಗವಿದ್ದರೂ ದೊಡ್ಡ ಸಿನಿಮಾ ನಕಲಾಗದೆ ನಿಂತರೆ ಕಾರಣ ಅದು.

ಫೈಲ್ ವ್ಯವಸ್ಥೆಯನ್ನು ಬದಲಿಸಲು ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕಾಗುತ್ತದೆ; ಹಾಗೆ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮೊದಲು ನಕಲು ಇಟ್ಟುಕೊಳ್ಳಿ.

ಸಂತೆಯಲ್ಲಿ, ಬಸ್ ನಿಲ್ದಾಣದ ಬಳಿ ಅತಿ ಅಗ್ಗಕ್ಕೆ ಸಿಗುವ ಕಾರ್ಡುಗಳಲ್ಲಿ ಇನ್ನೊಂದು ಮೋಸವಿದೆ. ಮೇಲೆ 128 ಜಿಬಿ ಎಂದು ಮುದ್ರಿಸಿ, ಒಳಗೆ ಅದರ ಚಿಕ್ಕ ಪಾಲನ್ನಷ್ಟೇ ಇಟ್ಟಿರುತ್ತಾರೆ. ಕಂಪ್ಯೂಟರ್ ಕೂಡ 128 ಎಂದೇ ತೋರಿಸುತ್ತದೆ, ಮೊದಲ ಹಾಡುಗಳು ಚೆನ್ನಾಗಿಯೇ ಬರುತ್ತವೆ, ನಿಜವಾದ ಜಾಗ ಮುಗಿದ ನಂತರ ಬರೆದವು ಹಾಳಾಗಿರುತ್ತವೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿಸಿ ಓದಿ ಪರೀಕ್ಷಿಸುತ್ತದೆ. ಹೊಸ ಕಾರ್ಡ್ ತಂದ ದಿನವೇ ಅದನ್ನು ಓಡಿಸಿ, ಹಿಂದಿರುಗಿಸಲು ಅವಕಾಶವಿರುವಾಗಲೇ.

ಹಂತ 7: ಹೆಸರು ಮತ್ತು ಕ್ರಮ

ಫೈಲಿನ ಹೆಸರನ್ನು ಕನ್ನಡದಲ್ಲಿ ಇಡಬೇಕೆಂಬ ಆಸೆ ಸಹಜವಾದರೂ ಚಿಕ್ಕ ಪ್ಲೇಯರುಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಪರದೆಯ ಮೇಲೆ ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಕಾಣುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕ ಹೆಸರು ಕೊಡಿ. ಹಾಡಿನ ಹೆಸರು, ಗಾಯಕರ ಹೆಸರು ಮುಂತಾದವು ಫೈಲಿನೊಳಗೆ ಟ್ಯಾಗ್ ಎಂಬ ಬೇರೆ ಜಾಗದಲ್ಲೂ ಇರುತ್ತವೆ. ಹೆಸರು ತಿದ್ದಿದರೂ ಪ್ಲೇಯರ್ ಹಳೆಯದನ್ನೇ ತೋರಿಸುತ್ತಿದ್ದರೆ ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ ಟ್ಯಾಗನ್ನೂ ತಿದ್ದಿ, ಐಡಿ3ಯ 2.3ನೇ ಆವೃತ್ತಿಯಲ್ಲಿ ಉಳಿಸಿ. 2.4ನೇ ಆವೃತ್ತಿಯನ್ನು ಹಲವು ಹಳೆಯ ಸಾಧನಗಳು ಓದುವುದಿಲ್ಲ.

ಪರದೆಯೇ ಇಲ್ಲದ ಸ್ಪೀಕರುಗಳು ಹಾಡುಗಳನ್ನು ಅಕ್ಷರಕ್ರಮದಲ್ಲಿ ಅಲ್ಲ, ಕಾರ್ಡಿಗೆ ಬರೆದ ಕ್ರಮದಲ್ಲಿ ನುಡಿಸುತ್ತವೆ. ಬೆಳಿಗ್ಗೆ ಸುಪ್ರಭಾತ ಮೊದಲು ಬರಬೇಕು, ಹರಿಕಥೆಯ ಭಾಗಗಳು ಸಾಲಾಗಿ ಬರಬೇಕು ಎಂದಿದ್ದರೆ ಹೆಸರಿನ ಮುಂದೆ 01, 02 ಎಂದು ಎರಡಂಕಿಯ ಸಂಖ್ಯೆ ಹಾಕಿ, ಖಾಲಿ ಕಾರ್ಡಿಗೆ ಅದೇ ಕ್ರಮದಲ್ಲಿ ಒಂದೊಂದಾಗಿ ನಕಲು ಮಾಡಿ. ಬರೀ 1, 2 ಎಂದು ಬರೆದರೆ ಕೆಲವು ಪ್ಲೇಯರುಗಳಲ್ಲಿ 1ರ ನಂತರ 10 ಬರುತ್ತದೆ. ಕೊನೆಯಲ್ಲಿ ಕಾರ್ಡನ್ನು ಕಿತ್ತು ತೆಗೆಯದೆ ‘ಇಜೆಕ್ಟ್’ ಕೊಟ್ಟೇ ತೆಗೆಯಿರಿ. ಬರೆಯುವುದು ಪೂರ್ತಿಯಾಗದೆ ಕಿತ್ತರೆ ಕೊನೆಯ ಫೈಲಷ್ಟೇ ಅಲ್ಲ, ಇಡೀ ಪಟ್ಟಿಯೇ ಕೆಡಬಹುದು.

ಇಷ್ಟಾದರೂ ಬಾರದಿದ್ದರೆ

ಹಾಡು ತೊದಲುತ್ತಾ ನಿಂತು ನಿಂತು ಬಂದರೆ ಕಾರ್ಡ್ ನಿಧಾನವಾಗಿದೆ ಅಥವಾ ಬಿಟ್‌ರೇಟ್ ಹೆಚ್ಚಾಗಿದೆ. ಮೊದಲು ಬೇರೆ ಕಾರ್ಡ್ ಹಾಕಿ ನೋಡಿ. ಫ್ಲಾಕ್ ಓದುತ್ತದೆ ಎಂದು ಬರೆದಿದ್ದರೂ ನಿಮ್ಮ ಫ್ಲಾಕ್ ಫೈಲು ಬಾರದಿದ್ದರೆ ಅದು 24 ಬಿಟ್, 96,000 ಹರ್ಟ್ಸ್‌ನದಾಗಿರಬಹುದು. 16 ಬಿಟ್, 44,100ಕ್ಕೆ ಇಳಿಸಿದರೆ ಸರಿಹೋಗುತ್ತದೆ. ಹಾಡು ಬಂದು ಮುಖಪುಟದ ಚಿತ್ರ ಮಾತ್ರ ಕಾಣದಿದ್ದರೆ ಆ ಚಿತ್ರ ‘ಪ್ರೋಗ್ರೆಸಿವ್’ ಬಗೆಯ ಜೆಪೆಗ್ ಆಗಿರುವ ಸಾಧ್ಯತೆ ಹೆಚ್ಚು; ಅದನ್ನು ‘ಬೇಸ್‌ಲೈನ್’ ಬಗೆಯಲ್ಲಿ, ಚಿಕ್ಕ ಅಳತೆಯಲ್ಲಿ ಮತ್ತೆ ಉಳಿಸಿ ಟ್ಯಾಗಿಗೆ ಸೇರಿಸಿ.

ಹಾಡಿನ ಆ್ಯಪ್‌ಗಳಲ್ಲಿ ತಿಂಗಳ ಶುಲ್ಕ ಕಟ್ಟಿ ‘ಡೌನ್‌ಲೋಡ್’ ಮಾಡಿಟ್ಟ ಹಾಡುಗಳನ್ನು ಕಾರ್ಡಿಗೆ ಹಾಕುವುದು ಹೇಗೆ ಎಂದೂ ಅನೇಕರು ಕೇಳುತ್ತಾರೆ. ಹಾಕಲು ಬರುವುದಿಲ್ಲ. ಆ ಫೈಲುಗಳಿಗೆ ಬೀಗ ಹಾಕಿರುತ್ತಾರೆ, ಅವು ಆ ಆ್ಯಪ್‌ನೊಳಗೆ, ಚಂದಾ ಇರುವವರೆಗೆ ಮಾತ್ರ ತೆರೆಯುತ್ತವೆ. ಯಾವ ಕನ್ವರ್ಟರಿಗೆ ಕೊಟ್ಟರೂ ಪ್ರಯೋಜನವಿಲ್ಲ. ಪ್ಲೇಯರಿಗೆಂದೇ ಬೇಕಾದ ಹಾಡುಗಳನ್ನು ನಿಮ್ಮದೇ ಸಿಡಿಯಿಂದ ತೆಗೆದುಕೊಳ್ಳಿ, ಇಲ್ಲವೇ ಬೀಗವಿಲ್ಲದ ಎಂಪಿ3 ಅಥವಾ ಫ್ಲಾಕ್ ಫೈಲನ್ನೇ ಮಾರುವ ಕಡೆ ಬೆಲೆ ಕೊಟ್ಟು ಕೊಳ್ಳಿ.